ಬೆಳ್ಳಿ ದರ, ಸಟ್ಟಾ ವ್ಯಾಪಾರ ಮತ್ತು ಅಂಗಡಿಯ ಪ್ರೀಮಿಯಂ: ಕೊಳ್ಳುವವರು ತಿಳಿಯಬೇಕಾದದ್ದು

ಬಸದಿಗೆ ಒಪ್ಪಿಸುವ ಕಲಶ, ದೇವರ ಕೋಣೆಯ ದೀಪ, ಮದುವೆಯಲ್ಲಿ ಮಗಳಿಗೆ ಕೊಡುವ ತಟ್ಟೆ-ಲೋಟ, ಮೊಮ್ಮಗುವಿನ ಕಾಲ್ಗೆಜ್ಜೆ. ಹೀಗೆ ಒಂದಲ್ಲ ಒಂದು ಕಾರಣಕ್ಕೆ ಜೈನ ಕುಟುಂಬಗಳು ಬೆಳ್ಳಿ ಕೊಳ್ಳುತ್ತಲೇ ಇರುತ್ತವೆ. ಚಿನಿವಾರ ಪೇಟೆಯ ದರ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅಂಗಡಿಯಲ್ಲಿ ಕೊಡಬೇಕಾದ ಹಣ ಆ ದರಕ್ಕಿಂತ ಹೆಚ್ಚು. ಅದೇ ವಸ್ತುವನ್ನು ಮರಳಿ ಮಾರಲು ಹೋದರೆ ಸಿಗುವ ಹಣ ಆ ದರಕ್ಕಿಂತ ಕಡಿಮೆ. ಈ ಅಂತರದಲ್ಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂಬುದು ದರ ಏರಿದಾಗಲೆಲ್ಲ ಏಳುವ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಬೆಳ್ಳಿಯ ದರ ಯಾವ ವ್ಯಾಪಾರಿಯ ಕೈಯಲ್ಲೂ ಇಲ್ಲ. ಅದರ ಮೇಲೆ ಸೇರಿಸುವ ಪ್ರೀಮಿಯಂ ಮಾತ್ರ ಬಹುಮಟ್ಟಿಗೆ ವ್ಯಾಪಾರಿಯ ಕೈಯಲ್ಲೇ ಇದೆ.

ದರ ಎಲ್ಲಿ ನಿರ್ಧಾರವಾಗುತ್ತದೆ?

ಬೆಳ್ಳಿಯ ಅಂತರರಾಷ್ಟ್ರೀಯ ದರ ಮುಖ್ಯವಾಗಿ ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆಗಳಲ್ಲಿ ರೂಪುಗೊಳ್ಳುತ್ತದೆ. ಲಂಡನ್ನಿನಲ್ಲಿ ನಡೆಯುವುದು ಗಟ್ಟಿಗಳ ವ್ಯಾಪಾರ. ಅಲ್ಲಿ ದರ ಗೊತ್ತುಮಾಡುವ ಪದ್ಧತಿ 1897ರಷ್ಟು ಹಳೆಯದು. 2014ರಲ್ಲಿ ಆ ಪದ್ಧತಿಯ ಬದಲು ಎಲೆಕ್ಟ್ರಾನಿಕ್ ಹರಾಜು ಬಂತು. ನ್ಯೂಯಾರ್ಕಿನ ಕಾಮೆಕ್ಸ್‌ನಲ್ಲಿ ನಡೆಯುವುದು ವಾಯಿದಾ ವ್ಯಾಪಾರ, ಅಂದರೆ ಮುಂದಿನ ತಿಂಗಳುಗಳ ಬೆಳ್ಳಿಯನ್ನು ಇಂದೇ ಒಪ್ಪಿದ ದರಕ್ಕೆ ಕೊಳ್ಳುವ, ಮಾರುವ ಒಪ್ಪಂದ. ಭಾರತದಲ್ಲಿ ಇದೇ ಕೆಲಸವನ್ನು ಮುಂಬೈನ ಎಂಸಿಎಕ್ಸ್ ಮಾಡುತ್ತದೆ.

ಅಂತರರಾಷ್ಟ್ರೀಯ ದರವನ್ನು ಟ್ರಾಯ್ ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ. ಒಂದು ಕಿಲೋಗೆ ಸುಮಾರು 32.15 ಔನ್ಸ್. ಉದಾಹರಣೆಗೆ, ಔನ್ಸ್‌ಗೆ 50 ಡಾಲರ್, ಡಾಲರ್‌ಗೆ 88 ರೂಪಾಯಿ ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

- ಒಂದು ಕಿಲೋ ಬೆಳ್ಳಿ: 32.15 × 50 × 88 = 1,41,460 ರೂಪಾಯಿ
- ಆಮದು ಸುಂಕ ಶೇ. 6 ಸೇರಿದರೆ: ಸುಮಾರು 1,49,950 ರೂಪಾಯಿ
- ಜಿಎಸ್‌ಟಿ ಶೇ. 3 ಸೇರಿದರೆ: ಸುಮಾರು 1,54,450 ರೂಪಾಯಿ

ಆಮದು ಸುಂಕ ಶೇ. 15 ಇದ್ದದ್ದನ್ನು 2024ರ ಜುಲೈ ಬಜೆಟ್‌ನಲ್ಲಿ ಶೇ. 6ಕ್ಕೆ ಇಳಿಸಲಾಯಿತು. ಸುಂಕ ಬದಲಾದಾಗ, ಡಾಲರ್ ಎದುರು ರೂಪಾಯಿ ಕುಸಿದಾಗ, ಲಂಡನ್ನಿನಲ್ಲಿ ಏನೂ ಆಗದಿದ್ದರೂ ಊರಿನ ಅಂಗಡಿಯಲ್ಲಿ ದರ ಬದಲಾಗುತ್ತದೆ. ಮೇಲಿನ ಲೆಕ್ಕ ಯಾರು ಬೇಕಾದರೂ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಮಾಡಬಹುದಾದದ್ದು. ಅಂಗಡಿ ಹೇಳುವ ದರ ಇದಕ್ಕಿಂತ ಎಷ್ಟು ದೂರ ಇದೆ ಎಂಬುದು ಆಗ ತಿಳಿಯುತ್ತದೆ.

ಚಿನ್ನಕ್ಕಿಂತ ಬೆಳ್ಳಿ ಹೆಚ್ಚು ಏರಿಳಿಯುವುದೇಕೆ?

ಮೊದಲ ಕಾರಣ, ಚಿನ್ನದ ಪೇಟೆಗೆ ಹೋಲಿಸಿದರೆ ಬೆಳ್ಳಿಯ ಪೇಟೆ ತೀರ ಚಿಕ್ಕದು. ಅಷ್ಟೇ ಹಣ ಒಳಗೆ ಬಂದರೂ, ಹೊರಗೆ ಹೋದರೂ ದರದ ಮೇಲೆ ಬೀಳುವ ಒತ್ತಡ ಹೆಚ್ಚು.

ಎರಡನೆಯದು, ಗಣಿಯಿಂದ ಬರುವ ಬೆಳ್ಳಿಯ ಹೆಚ್ಚಿನ ಪಾಲು ಸತು, ಸೀಸ, ತಾಮ್ರ, ಚಿನ್ನದ ಗಣಿಗಳ ಉಪಉತ್ಪನ್ನ. ಭಾರತದಲ್ಲೂ ಬೆಳ್ಳಿ ಮುಖ್ಯವಾಗಿ ಸಿಗುವುದು ರಾಜಸ್ಥಾನದ ಸತು-ಸೀಸದ ಗಣಿಗಳಿಂದ. ಬೆಳ್ಳಿಯ ದರ ಏರಿತೆಂದು ಸತುವಿನ ಗಣಿ ಎರಡು ಪಟ್ಟು ಅಗೆಯುವುದಿಲ್ಲ. ಹಾಗಾಗಿ ಬೇಡಿಕೆ ಏಕಾಏಕಿ ಹೆಚ್ಚಿದಾಗ ಪೂರೈಕೆ ಹಿಂದೆ ಬೀಳುತ್ತದೆ.

ಮೂರನೆಯದು, ಬೆಳ್ಳಿ ಆಭರಣವೂ ಹೌದು, ಕಾರ್ಖಾನೆಯ ಕಚ್ಚಾವಸ್ತುವೂ ಹೌದು. ಸೌರ ಫಲಕ, ಎಲೆಕ್ಟ್ರಾನಿಕ್ ಉಪಕರಣ, ವಾಹನಗಳ ಬಿಡಿಭಾಗ ಇವೆಲ್ಲಕ್ಕೂ ಬೆಳ್ಳಿ ಬೇಕು. ಕೈಗಾರಿಕೆಯ ನಿರೀಕ್ಷೆ ಏರಿದರೂ ಇಳಿದರೂ ಅದರ ಪರಿಣಾಮ ಕಾಲ್ಗೆಜ್ಜೆಯ ದರದ ಮೇಲೂ ಆಗುತ್ತದೆ.

ಸಟ್ಟಾ: ಮೂರು ಪ್ರಕರಣಗಳು

1980: ಅಮೆರಿಕದ ಟೆಕ್ಸಾಸ್‌ನ ನೆಲ್ಸನ್ ಬಂಕರ್ ಹಂಟ್ ಮತ್ತು ವಿಲಿಯಂ ಹರ್ಬರ್ಟ್ ಹಂಟ್ ಎಂಬ ಸಹೋದರರು ಗಟ್ಟಿ ಬೆಳ್ಳಿಯನ್ನೂ ವಾಯಿದಾ ಒಪ್ಪಂದಗಳನ್ನೂ ಭಾರಿ ಪ್ರಮಾಣದಲ್ಲಿ ಕೊಂಡು ಕೂಡಿಟ್ಟರು. 1979ರ ಆರಂಭದಲ್ಲಿ ಔನ್ಸ್‌ಗೆ ಸುಮಾರು 6 ಡಾಲರ್ ಇದ್ದ ದರ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರಕ್ಕೆ ಬಂತು. ಮನೆಯಲ್ಲಿದ್ದ ಹಳೆಯ ಬೆಳ್ಳಿ ಪಾತ್ರೆಗಳನ್ನು ಜನ ಕರಗಿಸಲು ಕೊಟ್ಟರು. ಆಗ ಕಾಮೆಕ್ಸ್ ಸಾಲದ ಬಲದ ಮೇಲಿನ ಖರೀದಿಗೆ ಕಡಿವಾಣ ಹಾಕಿತು. ದರ ಇಳಿಯತೊಡಗಿತು. 1980ರ ಮಾರ್ಚ್ 27ರ ಗುರುವಾರ 11 ಡಾಲರ್ ಆಸುಪಾಸಿಗೆ ಕುಸಿಯಿತು. ಅದರ ಹಿಂದಿನ ದಿನವಷ್ಟೇ ನ್ಯೂಯಾರ್ಕಿನ ಆಭರಣ ಸಂಸ್ಥೆ ಟಿಫಾನಿ, ಬೆಳ್ಳಿಯನ್ನು ಹೀಗೆ ಕೂಡಿಟ್ಟು ಸಾಮಾನ್ಯ ಗ್ರಾಹಕರಿಂದ ಕೃತಕ ಬೆಲೆ ವಸೂಲಾಗುವಂತೆ ಮಾಡುವುದನ್ನು ಖಂಡಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಸಟ್ಟಾದಿಂದ ಪ್ರಾಮಾಣಿಕ ವ್ಯಾಪಾರಿಗೂ ನಷ್ಟವೇ ಎಂಬುದಕ್ಕೆ ಇದು ಸಾಕ್ಷಿ. 1988ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಜ್ಯೂರಿ ಹಂಟ್ ಸಹೋದರರು ದರ ತಿರುಚಲು ಸಂಚು ನಡೆಸಿದ್ದರು ಎಂದು ತೀರ್ಮಾನಿಸಿತು. ಬಂಕರ್ ಹಂಟ್ ಅದೇ ವರ್ಷ ದಿವಾಳಿ ಅರ್ಜಿ ಹಾಕಿದರು.

2011: ಏಪ್ರಿಲ್ ಕೊನೆಯಲ್ಲಿ ದರ ಮತ್ತೆ 49 ಡಾಲರ್ ಸಮೀಪಕ್ಕೆ ಬಂತು. ವಾಯಿದಾ ಪೇಟೆ ಮಾರ್ಜಿನ್ ಮೊತ್ತವನ್ನು ಮೇಲಿಂದ ಮೇಲೆ ಏರಿಸಿದಾಗ ಮೇ ತಿಂಗಳ ಮೊದಲ ವಾರದಲ್ಲೇ ಸುಮಾರು ಕಾಲು ಭಾಗ ಕರಗಿತು. ಆ ಉತ್ತುಂಗದಲ್ಲಿ ಕೊಂಡವರಿಗೆ ಡಾಲರ್ ಲೆಕ್ಕದಲ್ಲಿ ಅದೇ ದರ ಮತ್ತೆ ಕಾಣಲು 14 ವರ್ಷ ಬೇಕಾಯಿತು. ರೂಪಾಯಿ ಕುಸಿದದ್ದರಿಂದ ಭಾರತದಲ್ಲಿ ಕಾಯಬೇಕಾದ ಅವಧಿ ಕಡಿಮೆಯಾಯಿತು. ಆದರೂ ಅದು ಸುಮಾರು ಒಂಬತ್ತು ವರ್ಷ.

2025: ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಕೈಗೆ ಸಿಗುವ ಬೆಳ್ಳಿಗೆ ಕೊರತೆ ಬಂತು. ಬೆಳ್ಳಿಯನ್ನು ಸಾಲವಾಗಿ ಪಡೆಯುವ ಬಡ್ಡಿ ವಿಪರೀತ ಏರಿತು. ಅದೇ ಹೊತ್ತಿಗೆ ಭಾರತದಲ್ಲಿ ಧನತ್ರಯೋದಶಿ ಮತ್ತು ದೀಪಾವಳಿಯ ಖರೀದಿ ಜೋರಾಗಿತ್ತು. ಅಂತರರಾಷ್ಟ್ರೀಯ ದರ 50 ಡಾಲರ್ ದಾಟಿ 54 ಡಾಲರ್ ಆಸುಪಾಸಿಗೆ ಹೋಯಿತು. ಸುಂಕ, ತೆರಿಗೆ ಎಲ್ಲ ಸೇರಿಸಿದ ಮೇಲೂ ಭಾರತದ ಪೇಟೆಯಲ್ಲಿ ದರ ಅದಕ್ಕಿಂತ ಮೇಲಿತ್ತು. ಈ ಹೆಚ್ಚುವರಿ ಪ್ರೀಮಿಯಂ ಕೊಟ್ಟು ಬೆಳ್ಳಿ ಕೊಳ್ಳುವುದು ಹೂಡಿಕೆದಾರರಿಗೆ ಹಿತವಲ್ಲವೆಂದು ಹಲವು ಮ್ಯೂಚುವಲ್ ಫಂಡ್ ಸಂಸ್ಥೆಗಳು ತಮ್ಮ ಕೆಲವು ಬೆಳ್ಳಿ ಫಂಡ್‌ಗಳಿಗೆ ಹೊಸ ಹಣ ಪಡೆಯುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಹಬ್ಬದ ಹೊತ್ತಿಗೇ ದರ ಇಳಿಯಲು ಶುರುವಾಯಿತು. ಧನತ್ರಯೋದಶಿಗೆ ಸಾಲಿನಲ್ಲಿ ನಿಂತು ಕೊಂಡವರು ದರದ ಇಳಿಕೆ, ಕೊರತೆಯ ಪ್ರೀಮಿಯಂ ಎರಡನ್ನೂ ಹೊರಬೇಕಾಯಿತು.

ಮೂರೂ ಪ್ರಕರಣಗಳಲ್ಲಿ ಒಂದು ಸಾಮ್ಯ ಇದೆ. ಸಾಮಾನ್ಯ ಕುಟುಂಬಗಳು ಪೇಟೆಗೆ ಬಂದದ್ದು ಏರಿಕೆಯ ಸುದ್ದಿ ಎಲ್ಲ ಕಡೆ ಹಬ್ಬಿದ ಮೇಲೆ, ಅಂದರೆ ಆ ಹೊತ್ತಿನ ಉತ್ತುಂಗದ ಹತ್ತಿರ.

ವಾಯಿದಾ ವ್ಯಾಪಾರವೆಲ್ಲ ಸಟ್ಟಾ ಅಲ್ಲ. ಮುಂದಿನ ತಿಂಗಳ ಆರ್ಡರ್ ಒಪ್ಪಿಕೊಂಡ ಬೆಳ್ಳಿ ಕೆಲಸದವರು ಇಂದಿನ ದರವನ್ನೇ ಕಾಯ್ದಿರಿಸಿಕೊಳ್ಳಲು ಅದನ್ನು ಬಳಸಬಹುದು. ಬೆಳ್ಳಿಯ ಅಗತ್ಯವೇ ಇಲ್ಲದವರು ಬರೀ ದರದ ಮೇಲೆ ಪಣ ಕಟ್ಟಿದಾಗ ಅದು ಸಟ್ಟಾ ಆಗುತ್ತದೆ. ಎಂಸಿಎಕ್ಸ್‌ನ ದೊಡ್ಡ ಒಪ್ಪಂದ 30 ಕಿಲೋದ್ದು. ಕಿಲೋಗೆ ಒಂದೂವರೆ ಲಕ್ಷವಾದರೆ ಅದರ ಬೆಲೆ 45 ಲಕ್ಷ. ಶೇ. 10 ಮಾರ್ಜಿನ್ ಎಂದಿಟ್ಟುಕೊಂಡರೆ ನಾಲ್ಕೂವರೆ ಲಕ್ಷ ಕಟ್ಟಿದವರು 45 ಲಕ್ಷದ ಬೆಳ್ಳಿಯ ಏರಿಳಿತಕ್ಕೆ ಹೊಣೆಯಾಗುತ್ತಾರೆ. ದರ ಶೇ. 10 ಇಳಿದರೆ ಕಟ್ಟಿದ ಹಣ ಪೂರ್ತಿ ಹೋಗುತ್ತದೆ. ಇನ್ನೂ ಇಳಿದರೆ ಕೈಯಿಂದ ತುಂಬಬೇಕು.

ಪ್ರೀಮಿಯಂನಲ್ಲಿ ಏನೇನು ಸೇರಿರುತ್ತದೆ?

ಪೇಟೆಯ ದರಕ್ಕೂ ಗ್ರಾಹಕರು ಕೊಡುವ ಬೆಲೆಗೂ ಇರುವ ಅಂತರವೇ ಪ್ರೀಮಿಯಂ. ಅದರಲ್ಲಿ ಸಾಮಾನ್ಯವಾಗಿ ಇವು ಸೇರಿರುತ್ತವೆ:

- ಮಜೂರಿ, ಅಂದರೆ ಕೆಲಸಗಾರರ ಕೂಲಿ
- ವೇಸ್ಟೇಜ್, ಅಂದರೆ ತಯಾರಿಕೆಯಲ್ಲಿ ಕಳೆದುಹೋಗುವ ಬೆಳ್ಳಿಯ ಲೆಕ್ಕ
- ಸಾಗಣೆ, ವಿಮೆ, ಅಂಗಡಿಯ ಖರ್ಚು ಮತ್ತು ಲಾಭ
- ಸಗಟು ಪೇಟೆಯಲ್ಲಿ ಕೊರತೆ ಇದ್ದಾಗ ವ್ಯಾಪಾರಿಯೇ ಕೊಟ್ಟಿರುವ ಹೆಚ್ಚುವರಿ ದರ

ಗಟ್ಟಿಗೆ ಪ್ರೀಮಿಯಂ ಕಡಿಮೆ, ನಾಣ್ಯಕ್ಕೆ ಅದಕ್ಕಿಂತ ಹೆಚ್ಚು, ಕೆತ್ತನೆಯ ವಸ್ತುವಿಗೆ ಇನ್ನೂ ಹೆಚ್ಚು. ಹತ್ತು ಗ್ರಾಂ ನಾಣ್ಯಕ್ಕೂ ನೂರು ಗ್ರಾಂ ನಾಣ್ಯಕ್ಕೂ ಅಚ್ಚು ಹಾಕುವ ಶ್ರಮ ಹೆಚ್ಚುಕಡಿಮೆ ಒಂದೇ. ಹಾಗಾಗಿ ಚಿಕ್ಕದರಲ್ಲಿ ಗ್ರಾಂ ಒಂದಕ್ಕೆ ಬೀಳುವ ಖರ್ಚು ಜಾಸ್ತಿ.

ಕರ್ನಾಟಕದ ಗಡಿಗೆ ಹತ್ತಿರವಿರುವ ಕೊಲ್ಹಾಪುರ ಜಿಲ್ಲೆಯ ಹುಪರಿ ಬೆಳ್ಳಿಯ ಕಾಲ್ಗೆಜ್ಜೆಗೆ ಹೆಸರಾದ ಊರು. ಅಂಥ ಕಡೆ ತಯಾರಾಗುವ ವಸ್ತುವಿನಲ್ಲಿ ಮಜೂರಿ ಎಂಬುದು ಕೆಲಸಗಾರರ ಮನೆಯ ಅನ್ನ. ಅದನ್ನು ವಂಚನೆ ಎನ್ನುವಂತಿಲ್ಲ. ಆದರೆ ಮಜೂರಿಯ ಹೆಸರಿನಲ್ಲಿ ಪಡೆದದ್ದೆಲ್ಲ ಕೆಲಸಗಾರರಿಗೇ ಸೇರುತ್ತದೆ ಎನ್ನುವಂತೆಯೂ ಇಲ್ಲ.

ನೂರು ಗ್ರಾಂ ದೀಪದ ಲೆಕ್ಕ

ಚೊಕ್ಕ ಬೆಳ್ಳಿಯ ದರ ಗ್ರಾಂಗೆ 150 ರೂಪಾಯಿ ಇರುವಾಗ 925 ಶುದ್ಧತೆಯ 100 ಗ್ರಾಂ ದೀಪವೊಂದನ್ನು ಕೊಂಡರು ಎಂದುಕೊಳ್ಳೋಣ.

- ಪೂರ್ತಿ ತೂಕಕ್ಕೆ ಚೊಕ್ಕ ಬೆಳ್ಳಿಯ ದರ ಹಾಕಿದರೆ: 15,000 ರೂಪಾಯಿ
- ಮಜೂರಿ ಗ್ರಾಂಗೆ 20 ರೂಪಾಯಿ: 2,000 ರೂಪಾಯಿ
- ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಶೇ. 3: 510 ರೂಪಾಯಿ
- ಗ್ರಾಹಕರು ಕೊಟ್ಟದ್ದು: 17,510 ರೂಪಾಯಿ

ದರ ಬದಲಾಗದೆ, ಮರುದಿನವೇ ಮಾರಬೇಕಾಗಿ ಬಂತು ಎನ್ನೋಣ. ಈಗ ಅಂಗಡಿ ಚೊಕ್ಕ ಬೆಳ್ಳಿಯನ್ನಷ್ಟೇ ಲೆಕ್ಕ ಹಿಡಿಯುತ್ತದೆ. 92.5 ಗ್ರಾಂಗೆ 13,875 ರೂಪಾಯಿ. ಕರಗಿಸುವ ಖರ್ಚೆಂದು ಶೇ. 5 ಕಳೆದರೆ ಕೈಗೆ ಬರುವುದು ಸುಮಾರು 13,180 ರೂಪಾಯಿ. ಒಂದು ದಿನದಲ್ಲಿ ನಷ್ಟ 4,330 ರೂಪಾಯಿ. ಈ ದೀಪ ಕೊಂಡ ಹಣವನ್ನು ಮರಳಿ ಕೊಡಬೇಕಾದರೆ ಬೆಳ್ಳಿಯ ದರ ಸುಮಾರು ಶೇ. 33 ಏರಬೇಕು.

ಮಜೂರಿ ಮತ್ತು ತೆರಿಗೆ ಮರಳಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಗಮನಿಸಬೇಕಾದದ್ದು 1,125 ರೂಪಾಯಿಯ ವ್ಯತ್ಯಾಸ. ಮಾರುವಾಗ 100 ಗ್ರಾಂ ಚೊಕ್ಕ ಬೆಳ್ಳಿ ಎಂದು ಲೆಕ್ಕ ಹಾಕಿದ ದೀಪ, ಮರಳಿ ಕೊಳ್ಳುವಾಗ 92.5 ಗ್ರಾಂ ಆಯಿತು.

ಯಾವ ಪ್ರೀಮಿಯಂ ನ್ಯಾಯ?

ಇಂತಿಷ್ಟೇ ಶೇಕಡಾ ಇದ್ದರೆ ನ್ಯಾಯ ಎಂಬ ನಿಯಮ ಇಲ್ಲ. ಮಾರುವಾಗಲೂ ಮರಳಿ ಕೊಳ್ಳುವಾಗಲೂ ಲೆಕ್ಕದ ರೀತಿ ಒಂದೇ ಇದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ.

ನಿನ್ನೆಯ ದಾಸ್ತಾನನ್ನು ಇಂದಿನ ಏರಿದ ದರಕ್ಕೆ ಮಾರುತ್ತಾರೆ ಎಂಬುದು ಸಾಮಾನ್ಯ ದೂರು. ಆದರೆ ಮಾರಿದ್ದರ ಜಾಗಕ್ಕೆ ಹೊಸ ಬೆಳ್ಳಿ ತರಬೇಕಾದರೆ ವ್ಯಾಪಾರಿಯೂ ಇಂದಿನ ದರವನ್ನೇ ಕೊಡಬೇಕು. ದರ ಇಳಿದ ದಿನ ಹಳೆಯ ದಾಸ್ತಾನಿನ ನಷ್ಟವೂ ಅವರದೇ. ಏರಿದಾಗ ಇಂದಿನ ದರ, ಇಳಿದಾಗಲೂ ಇಂದಿನ ದರ ಎನ್ನುವ ಅಂಗಡಿಯಲ್ಲಿ ತಪ್ಪಿಲ್ಲ. ಏರಿದಾಗ ಇಂದಿನ ದರ, ಇಳಿದಾಗ 'ಇದು ಹಳೆಯ ಖರೀದಿ' ಎನ್ನುವಲ್ಲಿ ತಪ್ಪಿದೆ.

ಕೊರತೆಯ ಕಾಲದ ಪ್ರೀಮಿಯಂಗೂ ಇದೇ ಪರೀಕ್ಷೆ ಸಾಕು. ಪೇಟೆಯಲ್ಲಿ ಬೆಳ್ಳಿಯೇ ಇಲ್ಲವೆಂದು ಕಿಲೋಗೆ ಇಷ್ಟು ಹೆಚ್ಚು ಕೇಳುವ ವ್ಯಾಪಾರಿ, ಅದೇ ದಿನ ಹಳೆಯ ಬೆಳ್ಳಿ ಮಾರಲು ಬಂದವರಿಗೂ ಅದಕ್ಕೆ ತಕ್ಕಂತೆ ಹೆಚ್ಚು ಕೊಟ್ಟರೆ ಕೊರತೆ ನಿಜ. ಕೊಳ್ಳುವವರಿಗೆ ಕೊರತೆಯ ದರ, ಮಾರಲು ತಂದವರಿಗೆ ಮಾಮೂಲಿ ದರ ಎಂದಾದರೆ ಅದು ಅವಕಾಶದ ದುರುಪಯೋಗ.

ಶೇಕಡಾ ಲೆಕ್ಕದ ಮಜೂರಿಯನ್ನೂ ವಿಚಾರಿಸಬೇಕು. ಗ್ರಾಂಗೆ 75 ರೂಪಾಯಿ ಇದ್ದಾಗ ಶೇ. 15 ಎಂದರೆ 11.25 ರೂಪಾಯಿ. ದರ 150 ಆದಾಗ ಅದೇ ಶೇ. 15 ಎಂದರೆ 22.50 ರೂಪಾಯಿ. ಕೆಲಸ ಮೊದಲಿನಷ್ಟೇ. ಕೆಲಸಗಾರರ ಕೂಲಿ ಅದೇ ವೇಗದಲ್ಲಿ ಏರಿರುವುದಿಲ್ಲ. ದರದ ಏರಿಕೆಯನ್ನು ಗ್ರಾಹಕರು ಒಮ್ಮೆ ಬೆಳ್ಳಿಗೆ, ಇನ್ನೊಮ್ಮೆ ಮಜೂರಿಗೆ ಎಂದು ಎರಡು ಸಲ ತೆತ್ತಂತಾಗುತ್ತದೆ. ಗ್ರಾಂಗೆ ಇಷ್ಟು ಅಥವಾ ವಸ್ತುವಿಗೆ ಇಷ್ಟು ಎಂಬ ಮಜೂರಿ ಹೆಚ್ಚು ಸ್ಪಷ್ಟ.

ಜೈನ ಗ್ರಂಥಗಳಲ್ಲಿ ಈ ವಿಚಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ನೇರವಾಗಿ ತಕ್ಕಡಿಗೂ ಶುದ್ಧತೆಗೂ ಸಂಬಂಧಿಸಿದವು: ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮೊದಲನೆಯದನ್ನು ಕೊಡುವಾಗ ಕಡಿಮೆ ಅಳತೆ, ತೆಗೆದುಕೊಳ್ಳುವಾಗ ಹೆಚ್ಚಿನ ಅಳತೆ ಬಳಸುವುದೆಂದು ವಿವರಿಸಿದ್ದಾರೆ. ಎರಡನೆಯದು ಕೃತಕವಾದ ಬೆಳ್ಳಿ-ಬಂಗಾರದಂಥವುಗಳಿಂದ ವಂಚಿಸುವ ವ್ಯವಹಾರ. ಮೇಲೆ ಹೇಳಿದ ದೀಪದ ಲೆಕ್ಕಕ್ಕೆ ಮೊದಲನೆಯದು ಎಷ್ಟು ಹತ್ತಿರ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಇವುಗಳನ್ನು ಸೇರಿಸುತ್ತದೆ. ಮುಂದೆ ಲಾಭ ಸಿಗುತ್ತದೆಂದು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ತಾವು ಮಾರಿದ ಮೇಲೆ ಅದೇ ಸರಕಿಗೆ ಹೆಚ್ಚು ಬೆಲೆ ಬಂದಾಗ ಕೊರಗುವುದನ್ನು ಟೀಕೆಯಲ್ಲಿ ವಿಸ್ಮಯ ಎಂದು ವಿವರಿಸಲಾಗಿದೆ. ಸಾಕಷ್ಟು ಲಾಭ ಬಂದ ಮೇಲೂ ಇನ್ನಷ್ಟು ಬೇಕೆನ್ನುವುದು ಲೋಭ. ಸಟ್ಟಾದ ಬೆನ್ನುಹತ್ತಿದವರ ಮನಃಸ್ಥಿತಿಯ ಮೂರು ಹಂತಗಳೂ ಇಲ್ಲಿವೆ. ಈ ಮಾತುಗಳು ಅಂಗಡಿಯವರಿಗೆ ಮಾತ್ರ ಅನ್ವಯಿಸುವುದಿಲ್ಲ. ಏರುವ ದರ ನೋಡಿ ಸಾಲ ಮಾಡಿ ಕೊಳ್ಳಲು ಓಡುವ ಗ್ರಾಹಕರಿಗೂ ಅನ್ವಯಿಸುತ್ತವೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಬಿಲ್ಲಿನಲ್ಲಿ ಬೆಳ್ಳಿಯ ದರ, ಶುದ್ಧತೆ, ನಿವ್ವಳ ತೂಕ, ಮಜೂರಿ, ತೆರಿಗೆ ಬೇರೆಬೇರೆಯಾಗಿ ಇರಲಿ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದ ಚೀಟಿಯಿಂದ ಮುಂದೆ ಪ್ರಯೋಜನವಿಲ್ಲ.

2. ಹಾಲ್‌ಮಾರ್ಕ್ ಇರುವ ವಸ್ತುವನ್ನೇ ಕೇಳಬೇಕು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯ ಹಾಲ್‌ಮಾರ್ಕ್ ವ್ಯವಸ್ಥೆ ಐಚ್ಛಿಕವಾಗಿ ಜಾರಿಗೆ ಬಂತು. 800, 835, 925, 970, 990 ಮುಂತಾದ ಅಂಕಿಗಳು ಸಾವಿರ ಪಾಲಿನಲ್ಲಿ ಎಷ್ಟು ಪಾಲು ಬೆಳ್ಳಿ ಎಂಬುದನ್ನು ತಿಳಿಸುತ್ತವೆ. ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

3. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಉಡುಗೊರೆಗೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಬೆಳ್ಳಿಯೆಂದು ಕೊಳ್ಳಬಾರದು.

4. ಮರಳಿ ಕೊಳ್ಳುವ ನಿಯಮವನ್ನು ಕೊಳ್ಳುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು. ಎಷ್ಟು ಕಳೆಯುತ್ತಾರೆ, ಹಣ ಕೊಡುತ್ತಾರೋ ಬದಲಿ ವಸ್ತು ಮಾತ್ರವೋ ಎಂಬುದು ಸ್ಪಷ್ಟವಾಗಲಿ.

5. ಉಳಿತಾಯಕ್ಕಾಗಿ ಕೊಳ್ಳುವುದಾದರೆ ಕೆತ್ತನೆಯ ವಸ್ತುವಿಗಿಂತ ಗಟ್ಟಿ ಮೇಲು. 2022ರಿಂದ ಭಾರತದಲ್ಲಿ ಬೆಳ್ಳಿ ಇಟಿಎಫ್‌ಗಳೂ ಇವೆ. ಅವುಗಳಿಗೆ ಮಜೂರಿ ಇಲ್ಲ. ಆದರೆ ಕೊರತೆಯ ದಿನಗಳಲ್ಲಿ ಅವು ಸಹ ತಮ್ಮಲ್ಲಿರುವ ಬೆಳ್ಳಿಯ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಕೈಬದಲಾಗಬಹುದು.

6. ತೂಕದ ಬಗ್ಗೆ ಅನುಮಾನವಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಬಿಲ್ಲು ಅಥವಾ ಶುದ್ಧತೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸಬಹುದು.

ಬಸದಿಗೆ ಬೆಳ್ಳಿ ಒಪ್ಪಿಸುವಾಗ

ಮಂಟಪ, ಪಲ್ಲಕ್ಕಿ, ಬಾಗಿಲುಗಳಿಗೆ ಬೆಳ್ಳಿಯ ತಗಡು ಹೊದಿಸುವಾಗ ಮರದ ಮೇಲೆ ಕೂರಿಸುವ ಮೊದಲೇ ತಗಡನ್ನು ತೂಗಿಸಬೇಕು. ಕೂರಿಸಿದ ಮೇಲೆ ಬೆಳ್ಳಿ ಎಷ್ಟಿದೆ ಎಂದು ತಿಳಿಯುವ ದಾರಿ ಇಲ್ಲ. ಒಳಗೆ ಟೊಳ್ಳಿರುವ ವಸ್ತುಗಳಲ್ಲಿ ಅರಗು ತುಂಬಿದ್ದರೆ ಅದರ ತೂಕವನ್ನು ಕಳೆದು ನಿವ್ವಳ ತೂಕ ಬರೆಸಬೇಕು. ದಾನಿಗಳ ಹೆಸರು, ದಿನಾಂಕ, ಶುದ್ಧತೆ, ನಿವ್ವಳ ತೂಕ, ಒಂದು ಛಾಯಾಚಿತ್ರ ಇಷ್ಟು ಬಸದಿಯ ದಾಖಲೆ ಪುಸ್ತಕದಲ್ಲಿದ್ದರೆ ಆಡಳಿತ ಸಮಿತಿ ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ದಾನವನ್ನು ಅಂದಿನ ರೂಪಾಯಿ ಬೆಲೆಯಲ್ಲಿ ಮಾತ್ರ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಆ ಅಂಕಿಗೆ ಅರ್ಥವಿರುವುದಿಲ್ಲ. ಶುದ್ಧತೆ ಮತ್ತು ತೂಕ ದಾಖಲಾಗಿದ್ದರೆ ಯಾವ ಕಾಲದಲ್ಲಿ ಬೇಕಾದರೂ ವಸ್ತುವನ್ನು ತೂಗಿ ತಾಳೆ ನೋಡಬಹುದು.